ಚಳಿಗಾಲಕ್ಕೆ ಕಾರು ನಿಲ್ಲಿಸುವ ಮುನ್ನ: ಗೇರ್ ಆಯಿಲ್ ಕಾಯುತ್ತೆ, ಬ್ಯಾಟರಿ ಕಾಯಲ್ಲ

ಈ ವಾರದ ಪ್ರಶ್ನೆ ಜರ್ಮನಿಯ ಮ್ಯೂನಿಕ್‌ನಿಂದ ಬಂದಿದೆ. ಓದುಗರು ಬರೆದದ್ದು ಹೀಗೆ:

"ನಮ್ಮದು ಏಳು ವರ್ಷದ ಸಣ್ಣ ಪೆಟ್ರೋಲ್ ಕಾರು, ಎಎಂಟಿ. 70 ಸಾವಿರ ಕಿ.ಮೀ. ಓಡಿದೆ. ಹೆಂಡತಿ ಬಾಣಂತನಕ್ಕೆ ಸಾಗರದಲ್ಲಿದ್ದಾಳೆ. ನಾನು ಡಿಸೆಂಬರ್ ಮೊದಲ ವಾರ ಊರಿಗೆ ಹೊರಟರೆ ಮಾರ್ಚ್‌ನಲ್ಲಿ ಮೂರೂ ಜನ ವಾಪಸ್. ಬಂದ ಎರಡನೇ ದಿನವೇ ಮಗುವನ್ನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕು. ಕಾರು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಮೂರು ತಿಂಗಳು ನಿಂತಿರುತ್ತೆ. ಚಳಿಗೆ ಮುಂಚೆ ಗೇರ್‌ಬಾಕ್ಸ್ ಆಯಿಲ್ ಬದಲಿಸಲೇಬೇಕು ಅಂತ ಒಂದು ಗ್ಯಾರೇಜಿನವರು ಹೇಳ್ತಾರೆ. ಅದು ಜೀವಮಾನದ ಆಯಿಲ್, ಮುಟ್ಟಲೇಬೇಡಿ ಅಂತ ಇನ್ನೊಂದು ಗ್ಯಾರೇಜು. ಯಾರ ಮಾತು ಕೇಳಲಿ?"

ಚಿಕ್ಕ ಉತ್ತರ ಮೊದಲೇ ಹೇಳಿಬಿಡ್ತೀನಿ. ಇಬ್ಬರ ಮಾತಲ್ಲೂ ಅರ್ಧರ್ಧ ಸತ್ಯ ಇದೆ. ಆಯಿಲ್ ಒಂದು ಸಲ ಬದಲಿಸೋದು ಒಳ್ಳೆಯದೇ, ಆದರೆ ಅದು ನೀವು ವಿಮಾನ ಹತ್ತುವ ಮೊದಲೇ ಆಗಬೇಕಾದ ಕೆಲಸ ಅಲ್ಲ. ಮಾರ್ಚ್‌ನಲ್ಲಿ ಕಾರು ನೆಲಮಾಳಿಗೆಯಿಂದ ಹೊರಗೆ ಬರುತ್ತೋ ಇಲ್ವೋ ಅನ್ನೋದನ್ನ ನಿರ್ಧರಿಸೋದು ಗೇರ್ ಆಯಿಲ್ ಅಲ್ಲ, ಬ್ಯಾಟರಿ. ಜೊತೆಗೆ, ಹೊರಡುವ ದಿನ ಗೇರ್ ಲಿವರ್ ಎಲ್ಲಿ ಬಿಟ್ಟಿರಿ ಅನ್ನೋದು. ಮಾಮೂಲಿ ಮ್ಯಾನುಯಲ್ ಕಾರಿಗೂ ಎಎಂಟಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಒಂದೊಂದಾಗಿ ನೋಡೋಣ.

ಮೊದಲು ನಿಮ್ಮ ‘ಆಟೊಮ್ಯಾಟಿಕ್’ ಯಾವುದು ತಿಳ್ಕೊಳ್ಳಿ

ಎರಡೇ ಪೆಡಲ್ ಇದ್ದರೆ ನಾವು ಎಲ್ಲದಕ್ಕೂ ಆಟೊಮ್ಯಾಟಿಕ್ ಅಂತೀವಿ. ಒಳಗೆ ನಾಲ್ಕು ಬೇರೆ ಬೇರೆ ಯಂತ್ರಗಳಿರಬಹುದು: ಟಾರ್ಕ್ ಕನ್ವರ್ಟರ್, ಸಿವಿಟಿ, ಎರಡು ಕ್ಲಚ್ಚಿನ ಡಿಸಿಟಿ, ಎಎಂಟಿ. ನಾಲ್ಕಕ್ಕೂ ಆಯಿಲ್ ಬೇರೆ. ಒಂದರದ್ದನ್ನ ಇನ್ನೊಂದಕ್ಕೆ ಹಾಕಿದರೆ ಗೇರ್‌ಬಾಕ್ಸ್‌ಗೇ ಪೆಟ್ಟು.

ಎಎಂಟಿ ಅಂದರೆ ಅಸಲಿಗೆ ಮ್ಯಾನುಯಲ್ ಗೇರ್‌ಬಾಕ್ಸೇ. ಅದೇ ಹಲ್ಲುಚಕ್ರ, ಅದೇ ಸಿಂಕ್ರೊನೈಸರ್, ಅದೇ ಒಣ ಕ್ಲಚ್ ಪ್ಲೇಟ್. ನಿಮ್ಮ ಎಡಗಾಲು ಮಾಡುತ್ತಿದ್ದ ಕ್ಲಚ್ ಕೆಲಸವನ್ನೂ ಎಡಗೈ ಅಥವಾ ಬಲಗೈ ಮಾಡುತ್ತಿದ್ದ ಗೇರ್ ಕೆಲಸವನ್ನೂ ಒಂದು ಕಂಪ್ಯೂಟರ್ ಹೇಳಿದಂತೆ ಆಕ್ಚುಯೇಟರ್‌ಗಳು ಮಾಡ್ತವೆ, ಅಷ್ಟೇ. ಫೆರಾರಿ 1997ರಲ್ಲಿ ತನ್ನ ಎಫ್355ಗೆ, ಆಲ್ಫಾ ರೋಮಿಯೊ 1999ರಲ್ಲಿ 156ಕ್ಕೆ ಇಂಥದೇ ಗೇರ್‌ಬಾಕ್ಸ್ ಕೊಟ್ಟವು. ಅದರ ಹಿಂದಿದ್ದ ಮ್ಯಾಗ್ನೆಟಿ ಮರೆಲಿ ಕಂಪನಿಯ ತಂತ್ರಜ್ಞಾನವೇ 2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ನಮ್ಮ ಬೆಂಗಳೂರು ಟ್ರಾಫಿಕ್ಕಿಗೂ ಬಂತು. ಹಾಗಾಗಿ ಮ್ಯೂನಿಕ್‌ನ ಈ ಪ್ರಶ್ನೆ ಮಲ್ಲೇಶ್ವರದ ಪಾರ್ಕಿಂಗಿಗೂ ಸೇರಿದ್ದೇ.

ಒಂದಲ್ಲ, ಎರಡು ಆಯಿಲ್

ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಇದು. ಎಎಂಟಿಯಲ್ಲಿ ಸಾಮಾನ್ಯವಾಗಿ ಎರಡು ದ್ರವಗಳಿರ್ತವೆ, ಎರಡೂ ಬೇರೆ ಬೇರೆ ಜಾಗದಲ್ಲಿ.

ಮೊದಲನೆಯದು ಗೇರ್ ಆಯಿಲ್. ಹಲ್ಲುಚಕ್ರಗಳು ಮುಳುಗಿರುವುದು ಇದರಲ್ಲೇ. ಸಣ್ಣ ಕಾರುಗಳಲ್ಲಿ ಸುಮಾರು 2 ಲೀಟರ್ ಇರುತ್ತೆ.

ಎರಡನೆಯದು ಕ್ಲಚ್ ಮತ್ತು ಗೇರನ್ನ ತಳ್ಳುವ ಆಕ್ಚುಯೇಟರ್‌ನ ದ್ರವ. ಇದು ಕಾರಿನಿಂದ ಕಾರಿಗೆ ಬೇರೆ. ಫಿಯೆಟ್‌ನ ಡ್ಯುಯಲಾಜಿಕ್‌ನಂಥ ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ಪುಟ್ಟ ಪಂಪು, ಒತ್ತಡ ಕೂಡಿಡುವ ಅಕ್ಯುಮುಲೇಟರ್, ಅದಕ್ಕೇ ಮೀಸಲಾದ ಒಂದು ಹೈಡ್ರಾಲಿಕ್ ಆಯಿಲ್ ಇರುತ್ತೆ. ಓಪೆಲ್‌ನ ಈಸಿಟ್ರಾನಿಕ್‌ನಂಥ ಕೆಲವದರಲ್ಲಿ ಕ್ಲಚ್ ಒತ್ತೋದು ವಿದ್ಯುತ್ ಮೋಟಾರು, ನಡುವೆ ಬ್ರೇಕ್ ಫ್ಲೂಯಿಡ್. ಇನ್ನು ಕೆಲವು ಪೂರ್ತಿ ಮೋಟಾರಿನ ಮೇಲೇ ನಡೀತವೆ, ದ್ರವವೇ ಇಲ್ಲ.

ಹೈಡ್ರಾಲಿಕ್ ಆಯಿಲ್ ಇರುವಲ್ಲಿ ಬ್ರೇಕ್ ಫ್ಲೂಯಿಡ್ ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಊದಿ ಹಾಳಾಗ್ತವೆ. ಬ್ರೇಕ್ ಫ್ಲೂಯಿಡ್ ಇರುವಲ್ಲಿ ಆಯಿಲ್ ಹಾಕಿದರೂ ಅದೇ ಗತಿ. ಜೊತೆಗೆ, ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ಒತ್ತಡ ಇದ್ದಾಗ ಡಬ್ಬಿಯ ಮಟ್ಟ ಒಂದು, ಇಳಿದಾಗ ಇನ್ನೊಂದು. ಆದ್ದರಿಂದ "ಸ್ವಲ್ಪ ಕಮ್ಮಿ ಇದೆ" ಅಂತ ನೀವೇ ಮುಚ್ಚಳ ತೆಗೆದು ಸುರಿಯೋಕೆ ಹೋಗಬೇಡಿ. ಗ್ಯಾರೇಜಿನವರು "ಆಯಿಲ್ ಬದಲಿಸ್ತೀವಿ" ಅಂದರೆ ನೀವು ಕೇಳಬೇಕಾದ ಮೊದಲ ಪ್ರಶ್ನೆ: ಯಾವ ಆಯಿಲ್?

ಹಾಗಾದರೆ ಈಗಲೇ ಬದಲಿಸಬೇಕಾ?

ಎಂಜಿನ್ ಆಯಿಲ್ ಮತ್ತು ಗೇರ್ ಆಯಿಲ್‌ನ ಬದುಕು ಬೇರೆ ಬೇರೆ. ಎಂಜಿನ್ ಆಯಿಲ್ ಪಕ್ಕದಲ್ಲೇ ಬೆಂಕಿ ಉರಿಯುತ್ತೆ. ಮಸಿ, ಸುಟ್ಟ ಪೆಟ್ರೋಲು, ನೀರು, ಆಮ್ಲ ಎಲ್ಲ ಅದಕ್ಕೆ ಸೇರುತ್ತೆ. ಅಂಥ ಹಳೇ ಆಯಿಲನ್ನ ತಿಂಗಳುಗಟ್ಟಲೆ ಒಳಗೇ ಬಿಟ್ಟರೆ ಬೇರಿಂಗ್‌ಗಳಿಗೆ ಒಳ್ಳೆಯದಲ್ಲ. ಆದ್ದರಿಂದ ಕಾರು ನಿಲ್ಲಿಸುವ ಮುಂಚೆ ಬದಲಿಸಬೇಕಾದ್ದು ಎಂಜಿನ್ ಆಯಿಲ್, ಅದೂ ಬದಲಿಸುವ ಸಮಯ ಹತ್ತಿರ ಬಂದಿದ್ದರೆ.

ಗೇರ್ ಆಯಿಲ್‌ಗೆ ಬೆಂಕಿಯ ಸಹವಾಸ ಇಲ್ಲ. ಅದು ಹಾಳಾಗೋದು ಓಡುವಾಗ: ಬಿಸಿಗೆ, ಹಲ್ಲುಗಳ ನಡುವೆ ಅರೆಯುವಿಕೆಗೆ, ಸವೆದ ಲೋಹದ ಪುಡಿಗೆ. ನಿಂತಲ್ಲೇ ನಿಂತ ಗೇರ್‌ಬಾಕ್ಸಿನಲ್ಲಿ ಮೂರು ತಿಂಗಳಿಗೆ ಅದಕ್ಕೆ ಏನೂ ಆಗಲ್ಲ.

ಇನ್ನು "ಜೀವಮಾನದ ಆಯಿಲ್" ಮಾತು. ಯಾರ ಜೀವಮಾನ ಅಂತ ಕೇಳಿ ನೋಡಿ. ಕಾರು ತಯಾರಕರು ಲೆಕ್ಕ ಹಾಕಿದ ಆಯುಷ್ಯ ಒಂದು, ಸೆಕೆಂಡ್ ಹ್ಯಾಂಡ್ ಕೊಂಡು ಇನ್ನೂ ಎಂಟು ವರ್ಷ ಓಡಿಸಬೇಕು ಅನ್ನುವವರ ಲೆಕ್ಕ ಇನ್ನೊಂದು. ಜರ್ಮನಿಯದೇ ಗೇರ್‌ಬಾಕ್ಸ್ ಕಂಪನಿ ಝಡ್‌ಎಫ್ ತನ್ನ ಆಟೊಮ್ಯಾಟಿಕ್‌ಗಳಿಗೆ 80 ಸಾವಿರದಿಂದ 1 ಲಕ್ಷ 20 ಸಾವಿರ ಕಿ.ಮೀ. ನಡುವೆ, ತೀರಾ ತಡವೆಂದರೆ 8 ವರ್ಷಕ್ಕೆ ಆಯಿಲ್ ಬದಲಿಸಿ ಅನ್ನುತ್ತೆ. ನಿಮ್ಮದು ಆ ಬಗೆಯ ಗೇರ್‌ಬಾಕ್ಸ್ ಅಲ್ಲ, ಆ ಅಂಕಿ ನೇರವಾಗಿ ಅನ್ವಯಿಸಲ್ಲ. ಆದರೂ ಆಯಿಲ್ ಚಿರಂಜೀವಿ ಅಲ್ಲ ಅನ್ನೋದು ಎರಡಕ್ಕೂ ಒಂದೇ.

ನನ್ನ ಸಲಹೆ: ಏಳು ವರ್ಷ, 70 ಸಾವಿರ ಕಿ.ಮೀ. ಆಗಿದೆ, ಒಂದು ಸಲ ಬದಲಿಸಿ. ಆದರೆ ಆತುರವಿಲ್ಲ. ಮಾರ್ಚ್‌ನಲ್ಲಿ ಬಂದು ವಿರಾಮವಾಗಿ ಮಾಡಿಸಿದರೂ ನಡೆಯುತ್ತೆ. ಕಾರಿನ ಕೆಳಗೆ ಎಣ್ಣೆ ಹನಿ ಕಂಡಿದ್ದರೆ ಅಥವಾ ಬಿಸಿಯಾದ ಮೇಲೂ ಎರಡನೇ, ಮೂರನೇ ಗೇರಿಗೆ ಕರಕರ ಸದ್ದು ಬರ್ತಿದ್ದರೆ ಮಾತ್ರ ಮುಂದೂಡಬೇಡಿ. ಈಗಲೇ ತೋರಿಸಿ.

ಬದಲಿಸುವಾಗ ನೋಡಬೇಕಾದ್ದು ನಾಲ್ಕೇ:

• ಕಾರನ್ನ ಸ್ವಲ್ಪ ಓಡಿಸಿ ಆಯಿಲ್ ಬೆಚ್ಚಗಾದ ಮೇಲೆ ಇಳಿಸಲಿ. ತಣ್ಣಗಿನ ಗೇರ್ ಆಯಿಲ್ ಜೋನಿಬೆಲ್ಲದ ಥರ, ಕೊಳೆಯನ್ನ ಒಳಗೇ ಬಿಟ್ಟು ಬರುತ್ತೆ.

• ತುಂಬುವ ನಟ್ಟನ್ನ ಮೊದಲು ಬಿಚ್ಚಲಿ, ಇಳಿಸುವ ನಟ್ಟನ್ನ ಆಮೇಲೆ. ಉಲ್ಟಾ ಮಾಡಿ, ತುಂಬುವ ನಟ್ಟು ತುಕ್ಕು ಹಿಡಿದು ಕೂತಿದ್ದರೆ ಖಾಲಿ ಗೇರ್‌ಬಾಕ್ಸಿನ ಕಾರು ಅಲ್ಲೇ ಠಿಕಾಣಿ.

• ಇಳಿಸುವ ನಟ್ಟಿನಲ್ಲಿ ಅಯಸ್ಕಾಂತ ಇದ್ದರೆ ಅದನ್ನ ನಿಮಗೆ ತೋರಿಸಲಿ. ಬೂದು ಬಣ್ಣದ ನುಣ್ಣನೆ ಲೇಪ ಇದ್ದರೆ ಸಹಜ. ಚೂರುಗಳಿದ್ದರೆ ಒಳಗೆ ಏನೋ ಮುರೀತಿದೆ.

• ಕಾರಿನ ಪುಸ್ತಕದಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಲಿ, ಅದರ ಹೆಸರು ಬಿಲ್ಲಿನಲ್ಲಿ ಬರೆಯಲಿ.

ಡಬ್ಬಿಯ ಮೇಲಿನ ಅಂಕಿ ಏನು ಹೇಳುತ್ತೆ?

ಡಬ್ಬಿಯ ಮೇಲೆ 75ಡಬ್ಲ್ಯು-80 ಅಂತಲೋ 75ಡಬ್ಲ್ಯು-90 ಅಂತಲೋ ಇರುತ್ತೆ. ಡಬ್ಲ್ಯು ಜೊತೆಗಿನ ಅಂಕಿ ಚಳಿಯದ್ದು. 75ಡಬ್ಲ್ಯು ಆಯಿಲ್ ಮೈನಸ್ 40 ಡಿಗ್ರಿಯಲ್ಲೂ ನಿಗದಿತ ಮಿತಿಗಿಂತ ಗಟ್ಟಿಯಾಗಬಾರದು. 80ಡಬ್ಲ್ಯುಗೆ ಆ ಗಡಿ ಮೈನಸ್ 26, 85ಡಬ್ಲ್ಯುಗೆ ಮೈನಸ್ 12. ನೆಲಮಾಳಿಗೆಯಲ್ಲಿ ಮ್ಯೂನಿಕ್‌ನ ಚಳಿ ಇಷ್ಟು ದೂರ ಹೋಗಲ್ಲ, ಸರಿ. ಆದರೆ ಗಡಿ ತಲುಪುವ ಮೊದಲೇ ಆಯಿಲ್ ದಪ್ಪಗಾಗುತ್ತಾ ಬರುತ್ತೆ. ಬೆಳಿಗ್ಗೆ ಮೊದಲ ಎರಡು ಮೂರು ಕಿ.ಮೀ. ಎಎಂಟಿ ಗೇರ್ ಬದಲಿಸೋಕೆ ಇನ್ನಷ್ಟು ತಡ ಮಾಡೋದು ಇದಕ್ಕೇ. ದಪ್ಪ ಆಯಿಲ್‌ನಲ್ಲಿ ಹಲ್ಲುಚಕ್ರಗಳ ವೇಗ ಹೊಂದಿಸೋಕೆ ಸಿಂಕ್ರೊನೈಸರ್‌ಗೆ ಹೆಚ್ಚು ಹೊತ್ತು ಬೇಕು. ಮ್ಯಾನುಯಲ್‌ನಲ್ಲಾದರೆ ಕೈಗೆ ಬಿಗಿ ಗೊತ್ತಾಗುತ್ತೆ, ಎಎಂಟಿಯಲ್ಲಿ ತಲೆ ಮುಂದಕ್ಕೆ ತೂಗುತ್ತೆ, ಅಷ್ಟೇ.

ಇನ್ನೊಂದು ಗುರುತು ಜಿಎಲ್-4, ಜಿಎಲ್-5. ಐದು ನಾಲ್ಕಕ್ಕಿಂತ ದೊಡ್ಡದು, ಹಾಗಾಗಿ ಮೇಲು ಅಂದುಕೊಳ್ಳಬೇಡಿ. ಜಿಎಲ್-5ರಲ್ಲಿ ಗಂಧಕ, ರಂಜಕದ ಸಂಯುಕ್ತಗಳು ಹೆಚ್ಚು. ಭಾರೀ ಒತ್ತಡದ ಡಿಫರೆನ್ಷಿಯಲ್‌ಗಳಿಗೆ ಅದು ಬೇಕು. ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನ ಅದು ಕೊರೆಯಬಹುದು, ಹಿಡಿತವನ್ನೂ ತಪ್ಪಿಸಬಹುದು. ಪುಸ್ತಕ ಜಿಎಲ್-4 ಅಂದಿದ್ದರೆ ಜಿಎಲ್-4ನ್ನೇ ಹಾಕಿಸಿ.

ನಿಜವಾದ ಲೆಕ್ಕ ಬ್ಯಾಟರಿಯದ್ದು

ಕಾರು ಲಾಕ್ ಮಾಡಿ ಹೋದ ಮೇಲೂ ಅಲಾರ್ಮ್, ಕೀಲಿಯ ರಿಸೀವರ್, ಕಂಪ್ಯೂಟರ್‌ಗಳ ನೆನಪು ಇವೆಲ್ಲ ಸ್ವಲ್ಪ ಸ್ವಲ್ಪ ಕರೆಂಟ್ ಹೀರ್ತಾ ಇರ್ತವೆ. 30 ಮಿಲಿ ಆಂಪಿಯರ್ ಅಂದುಕೊಳ್ಳಿ, ಇದು ಆರೋಗ್ಯವಾಗಿರುವ ಕಾರಿನ ಲೆಕ್ಕ. 90 ದಿನಕ್ಕೆ 2,160 ಗಂಟೆ. ಗುಣಿಸಿದರೆ ಸುಮಾರು 65 ಆಂಪಿಯರ್ ಅವರ್. ನಿಮ್ಮ ಸಣ್ಣ ಕಾರಿನ ಬ್ಯಾಟರಿಯ ಒಟ್ಟು ಸಾಮರ್ಥ್ಯವೇ 50ರ ಆಸುಪಾಸು. ಅಂದರೆ ಹೊಸ ಬ್ಯಾಟರಿ ಆದರೂ 70 ದಿನದೊಳಗೆ ಪೂರ್ತಿ ಖಾಲಿ. ಎಂಜಿನ್ ಎಬ್ಬಿಸುವಷ್ಟು ಶಕ್ತಿ ಅದಕ್ಕಿಂತ ಎಷ್ಟೋ ಮೊದಲೇ ಹೋಗಿರುತ್ತೆ.

ಚಳಿ ಸೇರಿದರೆ ಇನ್ನೊಂದು ಅಪಾಯ. ತುಂಬಿದ ಬ್ಯಾಟರಿ ಮೈನಸ್ 50 ಡಿಗ್ರಿಗೂ ಹೆಪ್ಪುಗಟ್ಟಲ್ಲ. ಖಾಲಿ ಬ್ಯಾಟರಿಯ ಆಮ್ಲ ಬರೀ ನೀರಿನ ಹಾಗಾಗಿರುತ್ತೆ. ಹೊರಗೆ ನಿಲ್ಲಿಸಿದ ಕಾರಿನಲ್ಲಿ ಅದು ಮೈನಸ್ 10ರ ಹತ್ತಿರವೇ ಗಡ್ಡೆಕಟ್ಟಿ ಡಬ್ಬಿ ಸೀಳಬಹುದು. ಹೆಪ್ಪುಗಟ್ಟಿದ ಬ್ಯಾಟರಿಗೆ ಯಾವತ್ತೂ ಚಾರ್ಜರ್ ಹಾಕಬಾರದು, ಜಂಪ್ ಸ್ಟಾರ್ಟೂ ಮಾಡಬಾರದು.

ಮ್ಯಾನುಯಲ್ ಕಾರಾದರೆ ಬ್ಯಾಟರಿ ಸತ್ತರೂ ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡಬಹುದು. ಎಎಂಟಿಯಲ್ಲಿ ಆ ಆಟ ನಡೆಯಲ್ಲ. ಕ್ಲಚ್ ಒತ್ತೋಕೆ, ಗೇರ್ ಹಾಕೋಕೆ ಕರೆಂಟೇ ಬೇಕು. ಗೇರಿನಲ್ಲಿ ಬಿಟ್ಟು ಹೋಗಿದ್ದರಂತೂ ಕಾರು ಒಂದಡಿ ಕದಲಲ್ಲ. ಲಿವರ್ ಹಿಡಿದು ನ್ಯೂಟ್ರಲ್‌ಗೆ ಎಳೆದರೂ ಏನೂ ಆಗಲ್ಲ, ಯಾಕೆಂದರೆ ಆ ಲಿವರ್ ಬರೀ ಒಂದು ಸ್ವಿಚ್ಚು. ಅಂಥ ನೆಲಮಾಳಿಗೆಗಳ ಎತ್ತರ 2 ಮೀಟರ್ ಆಸುಪಾಸು, ಮಾಮೂಲಿ ಟೋಯಿಂಗ್ ಲಾರಿ ಒಳಗೆ ಬರೋಕಾಗಲ್ಲ. ಡಾಕ್ಟರ್ ಅಪಾಯಿಂಟ್‌ಮೆಂಟ್ ತಪ್ಪೋದು ಹೀಗೆ.

ದಾರಿ ಎರಡಿವೆ.

ಪಾರ್ಕಿಂಗ್ ಜಾಗದಲ್ಲಿ ಪ್ಲಗ್ ಪಾಯಿಂಟ್ ಇದ್ದು, ಮಾಲೀಕರ ಒಪ್ಪಿಗೆಯೂ ಇದ್ದರೆ, ತಾನಾಗಿಯೇ ಚಾರ್ಜ್ ಹಿಡಿದಿಡುವ ಮೇಂಟೆನೆನ್ಸ್ ಚಾರ್ಜರ್ ಹಾಕಿ ಹೋಗಿ. ನಿಮ್ಮ ಕಾರಿನಲ್ಲಿ ಸ್ಟಾರ್ಟ್-ಸ್ಟಾಪ್ ಇದ್ದರೆ ಬ್ಯಾಟರಿ ಎಜಿಎಂ ಅಥವಾ ಇಎಫ್‌ಬಿ ಜಾತಿಯದ್ದಾಗಿರುತ್ತೆ, ಅದಕ್ಕೆ ಹೊಂದುವ ಚಾರ್ಜರ್ ಬೇಕು.

ಪ್ಲಗ್ ಇಲ್ಲ ಅಂದರೆ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಸಿ, ಹೊರಡುವ ದಿನ ನೆಗೆಟಿವ್ ವೈರ್ ಬಿಚ್ಚಿಡಿ. ಒಂದು 10 ನಂಬರ್ ಸ್ಪ್ಯಾನರ್ ಸಾಕು. ಬಿಚ್ಚಿಟ್ಟ, ತುಂಬಿದ ಬ್ಯಾಟರಿ ತಣ್ಣಗಿನ ಜಾಗದಲ್ಲಿ ಮೂರು ತಿಂಗಳಿಗೆ ಕಳೆದುಕೊಳ್ಳೋದು ಬಹಳ ಕಮ್ಮಿ. ಇಗ್ನಿಷನ್ ಆಫ್ ಮಾಡಿದ ತಕ್ಷಣ ಬಿಚ್ಚಬೇಡಿ, ಹತ್ತು ನಿಮಿಷ ಬಿಡಿ. ಕಂಪ್ಯೂಟರ್ ತನ್ನ ಲೆಕ್ಕಗಳನ್ನ ಉಳಿಸಿಕೊಳ್ಳಬೇಕು. ಬಾನೆಟ್ ತೆರೆಯುವ ಲಿವರ್ ಇರೋದು ಕಾರಿನ ಒಳಗೆ, ಆದ್ದರಿಂದ ಡ್ರೈವರ್ ಬಾಗಿಲಿಗೆ ಕೀಲಿ ಹಾಕಿ ತೆರೆಯೋಕೆ ಬರುತ್ತಾ ಅಂತ ಮೊದಲೇ ಪರೀಕ್ಷಿಸಿ. ರಿಮೋಟ್ ಅಭ್ಯಾಸವಾಗಿ ಆ ಕೀಲಿಕಿಂಡಿ ವರ್ಷಗಟ್ಟಲೆ ತಿರುಗಿಯೇ ಇರಲ್ಲ.

ಗೇರಿನಲ್ಲೋ, ನ್ಯೂಟ್ರಲ್‌ನಲ್ಲೋ?

ಬಹುತೇಕ ಎಎಂಟಿಗಳಲ್ಲಿ ‘ಪಿ’ ಇರಲ್ಲ. ದಿನನಿತ್ಯ ನಿಲ್ಲಿಸುವಾಗ ಗೇರಿನಲ್ಲಿ ಬಿಟ್ಟು ಹ್ಯಾಂಡ್‌ಬ್ರೇಕ್ ಎಳೆಯೋದೇ ಸರಿ. ಮೂರು ತಿಂಗಳ ಲೆಕ್ಕ ಬೇರೆ. ಹ್ಯಾಂಡ್‌ಬ್ರೇಕ್ ಎಳೆದೇ ಬಿಟ್ಟರೆ ತೇವಕ್ಕೆ, ರಸ್ತೆಗೆ ಹಾಕಿದ ಉಪ್ಪಿಗೆ ಬ್ರೇಕ್ ಪ್ಯಾಡು ಡಿಸ್ಕಿಗೆ ಕಚ್ಚಿಕೊಳ್ಳಬಹುದು.

ನೆಲ ಪೂರ್ತಿ ಸಮತಟ್ಟಾಗಿದ್ದರೆ ನ್ಯೂಟ್ರಲ್‌ಗೆ ಹಾಕಿ, ಎರಡು ಚಕ್ರಕ್ಕೆ ಹಿಂದೆ ಮುಂದೆ ಅಡ್ಡ ಕೊಡಿ. ನಮ್ಮ ಲಾರಿ ಡ್ರೈವರುಗಳು ಘಾಟಿಯಲ್ಲಿ ಕಲ್ಲು ಕೊಡ್ತಾರಲ್ಲ, ಅದೇ ಕೆಲಸಕ್ಕೆ ರಬ್ಬರಿನ ಅಡ್ಡ ಅಂಗಡಿಯಲ್ಲೇ ಸಿಗುತ್ತೆ. ಆಮೇಲೆ ಹ್ಯಾಂಡ್‌ಬ್ರೇಕ್ ಬಿಡಿ. ಏನೇ ಆದರೂ ಕಾರನ್ನ ಕೈಯಲ್ಲಿ ತಳ್ಳಿ ಆಚೆ ತರಬಹುದು. ನ್ಯೂಟ್ರಲ್‌ನಲ್ಲಿ ಆಫ್ ಮಾಡಿದರೆ ಕೆಲವು ಕಾರು ಕೀಂಯ್ ಅಂತ ಎಚ್ಚರಿಸುತ್ತೆ, ಗಾಬರಿ ಬೇಡ. ಪರದೆಯಲ್ಲಿ ‘ಎನ್’ ಬಂದದ್ದು ಕಣ್ಣಾರೆ ನೋಡಿದ ಮೇಲೆಯೇ ಬ್ಯಾಟರಿ ಬಿಚ್ಚಿ.

ನೆಲ ಸ್ವಲ್ಪ ಇಳಿಜಾರಾಗಿದ್ದರೂ ಈ ಸಾಹಸ ಬೇಡ. ಗೇರಿನಲ್ಲೇ ಬಿಡಿ, ಚಕ್ರಕ್ಕೆ ಅಡ್ಡವನ್ನೂ ಕೊಡಿ, ಆಗ ಬ್ಯಾಟರಿಯ ಜವಾಬ್ದಾರಿ ಇನ್ನೂ ದೊಡ್ಡದು ಅಂತ ನೆನಪಿಡಿ. ನಿಮ್ಮ ಕಾರಿನ ಪುಸ್ತಕ ಬೇರೆ ಏನಾದರೂ ಹೇಳಿದ್ದರೆ ಅದೇ ಕೊನೇ ಮಾತು.

"ವಾರಕ್ಕೊಮ್ಮೆ ಸ್ಟಾರ್ಟ್ ಮಾಡೋಕೆ ಫ್ರೆಂಡ್‌ಗೆ ಹೇಳಲಾ?"

ಐದು ನಿಮಿಷ ನಿಂತಲ್ಲೇ ಎಂಜಿನ್ ಓಡಿಸೋದಕ್ಕಾದರೆ ಬೇಡ. ಸ್ಟಾರ್ಟರ್ ಎಳೆದುಕೊಂಡ ಚಾರ್ಜ್ ಅಷ್ಟರಲ್ಲಿ ಸರಿಯಾಗಿ ವಾಪಸ್ ಬರಲ್ಲ. ಎಂಜಿನ್ ಬಿಸಿಯಾಗದೆ ನೀರಿನ ಹಬೆ ಆಯಿಲ್‌ಗೂ ಸೈಲೆನ್ಸರ್‌ಗೂ ಸೇರುತ್ತೆ. ಗೇರ್ ಆಯಿಲಂತೂ ಬೆಚ್ಚಗೂ ಆಗಲ್ಲ. ಸುಮ್ಮನೆ ಎಂಜಿನ್ ಓಡಿಸುತ್ತಾ ನಿಲ್ಲುವುದನ್ನ ಜರ್ಮನಿಯ ರಸ್ತೆ ನಿಯಮ ನಿಷೇಧಿಸಿಯೂ ಇದೆ.

ಗೆಳೆಯರು ತಿಂಗಳಿಗೊಮ್ಮೆ ಅರ್ಧ ಗಂಟೆ ನಿಜವಾಗಿ ಓಡಿಸಿಕೊಂಡು ಬರ್ತಾರೆ, ವಿಮೆ ಅವರಿಗೂ ಅನ್ವಯಿಸುತ್ತೆ ಅಂದರೆ ಒಳ್ಳೆಯದು. ಇಲ್ಲವಾದರೆ ಕಾರು ಸುಮ್ಮನೆ ಮಲಗಿರಲಿ. ಚಳಿಗಾಲಕ್ಕೆ ಕಾರು ಮಲಗಿಸೋದು ಅಲ್ಲಿ ಹೊಸದೇನಲ್ಲ. 2ರಿಂದ 11 ತಿಂಗಳ ಅವಧಿಯ ಋತುಮಾನದ ನಂಬರ್ ಪ್ಲೇಟ್‌ಗಳೇ ಆ ದೇಶದಲ್ಲಿ 1997ರಿಂದ ಇವೆ. ಕನ್ವರ್ಟಬಲ್ ಇಟ್ಟುಕೊಂಡ ಎಷ್ಟೋ ಜನ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ಓಡಿಸ್ತಾರೆ. ಆ ಪ್ಲೇಟಿನ ಅವಧಿ ಮುಗಿದ ಮೇಲೆ ಕಾರನ್ನ ಸಾರ್ವಜನಿಕ ರಸ್ತೆಯಲ್ಲಿ ನಿಲ್ಲಿಸುವಂತೆಯೂ ಇಲ್ಲ.

ನಿಮ್ಮದು ವರ್ಷಪೂರ್ತಿ ನೋಂದಣಿ, ನೆಲಮಾಳಿಗೆಯ ಜಾಗವೂ ಇದೆ, ಸಮಸ್ಯೆ ಇಲ್ಲ. ರಸ್ತೆ ಬದಿ ನಿಲ್ಲಿಸಿ ಊರಿಗೆ ಹೋಗುವ ಇತರ ಓದುಗರಿಗೆ ಒಂದು ಮಾತು: ಮನೆ ಸಾಗಣೆಗೋ ರಸ್ತೆ ಕೆಲಸಕ್ಕೋ ತಾತ್ಕಾಲಿಕ ‘ನಿಲ್ಲಿಸಬೇಡಿ’ ಫಲಕ ಹಾಕಿದರೆ, ಮೂರು ಪೂರ್ತಿ ದಿನ ಕಳೆದ ಮೇಲೆ ಎಳೆದೊಯ್ದ ಖರ್ಚು ಮಾಲೀಕರದ್ದೇ ಅಂತ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ 2018ರಲ್ಲಿ ಹೇಳಿದೆ. ನೀವು ರಜೆಯಲ್ಲಿದ್ದಿರಿ ಅನ್ನೋದು ನೆಪ ಆಗಲ್ಲ. ಕೀಲಿ ಒಬ್ಬರ ಹತ್ತಿರ ಇರಲಿ.

ಹೊರಡುವ ವಾರದ ಪಟ್ಟಿ

• ಅಡಿಭಾಗ ಸಮೇತ ತೊಳೆಸಿ, ಉಪ್ಪು ಹೋಗಲಿ. ತೊಳೆಸಿದ ಮೇಲೆ ಅರ್ಧ ಗಂಟೆ ಓಡಿಸಿ ಬ್ರೇಕ್, ಕ್ಲಚ್ ಸುತ್ತಲಿನ ತೇವ ಆರಿಸಿ. ಒದ್ದೆಯಲ್ಲೇ ನಿಂತರೆ ಕ್ಲಚ್ ಪ್ಲೇಟು ಫ್ಲೈವೀಲ್‌ಗೆ ಅಂಟಿಕೊಳ್ಳಬಹುದು.

• ಟ್ಯಾಂಕ್ ತುಂಬಿಸಿ. ಖಾಲಿ ಜಾಗ ಕಮ್ಮಿ ಇದ್ದಷ್ಟೂ ಒಳಗೆ ತೇವ ಕಟ್ಟೋದು ಕಮ್ಮಿ.

• ಟೈರ್ ಗಾಳಿ ಮಾಮೂಲಿಗಿಂತ ಅರ್ಧ ಬಾರ್ ಜಾಸ್ತಿ ಇರಲಿ, ಬಂದ ಮೇಲೆ ಇಳಿಸಿ.

• ಕೂಲೆಂಟ್ ಎಷ್ಟು ಡಿಗ್ರಿ ಚಳಿ ತಡೆಯುತ್ತೆ ಅಂತ ಅಳೆಸಿ. ಗಾಜು ತೊಳೆಯುವ ನೀರಿಗೂ ಹೆಪ್ಪುಗಟ್ಟದ ದ್ರವ ಹಾಕಿ.

• ಕಾರಿನಲ್ಲಿ ತಿಂಡಿ, ಬಿಸ್ಕತ್ತಿನ ಚೂರು ಏನೂ ಇರಬಾರದು.

• ನಿಂತ ಜಾಗದ ನೆಲದ ಮೇಲೆ, ಗೇರ್‌ಬಾಕ್ಸಿನ ಕೆಳಗೆ ಒಂದು ರಟ್ಟು ಹಾಸಿ ಹೋಗಿ. ಮಾರ್ಚ್‌ನಲ್ಲಿ ಅದರ ಮೇಲೆ ಕಲೆ ಇದ್ದರೆ ಎಲ್ಲಿ ಸೋರಿದೆ ಅಂತ ಅದೇ ಹೇಳುತ್ತೆ.

ಮಾರ್ಚ್‌ನಲ್ಲಿ ಬಂದ ಮೇಲೆ

ಮೊದಲ ಸ್ಟಾರ್ಟ್ ಮಗುವನ್ನ ಸೀಟಿನಲ್ಲಿ ಕೂರಿಸಿಕೊಂಡು ಆಗಬಾರದು. ಬಂದ ದಿನ ಸಂಜೆಯೇ ಒಬ್ಬರೇ ಕೆಳಗೆ ಇಳಿದು ಹೋಗಿ.

ರಟ್ಟು ನೋಡಿ. ಬ್ಯಾಟರಿ ಜೋಡಿಸಿ. ಮೀಟರ್ ಇದ್ದರೆ ವೋಲ್ಟೇಜ್ ನೋಡಿ: 12.6 ಇದ್ದರೆ ಆರಾಮ, 12.4 ಆದರೆ ಪರವಾಗಿಲ್ಲ, 12ಕ್ಕೆ ಇಳಿದಿದ್ದರೆ ಮೊದಲು ಚಾರ್ಜ್, ಆಮೇಲೆ ಸ್ಟಾರ್ಟ್. ಕಮ್ಮಿ ವೋಲ್ಟೇಜಿನಲ್ಲಿ ಸ್ಟಾರ್ಟ್ ಮಾಡೋಕೆ ಹೋದಾಗ ಎಎಂಟಿಯ ಕಂಪ್ಯೂಟರ್ ಇಲ್ಲಸಲ್ಲದ ದೋಷ ತೋರಿಸೋದುಂಟು. ಗೇರ್‌ಬಾಕ್ಸೇ ಹೋಯ್ತು ಅಂತ ಹೆದರಿ ದುಡ್ಡು ಕಳೆದುಕೊಳ್ಳೋರು ಈ ಹಂತದಲ್ಲೇ.

ಹೈಡ್ರಾಲಿಕ್ ಎಎಂಟಿಯಾದರೆ ಡ್ರೈವರ್ ಬಾಗಿಲು ತೆರೆದಾಗಲೋ ಇಗ್ನಿಷನ್ ಹಾಕಿದಾಗಲೋ ಪಂಪು ಗುಂಯ್ ಅನ್ನುತ್ತೆ. ಒತ್ತಡ ತುಂಬಿ ನಿಲ್ಲುವವರೆಗೆ ಕಾಯಿರಿ. ನಿಂತ ಮೇಲೆ ಏನನ್ನೂ ಮುಟ್ಟದಿದ್ದರೂ ಕೆಲವೇ ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಓಡುತ್ತಿದ್ದರೆ ಅಕ್ಯುಮುಲೇಟರ್ ಸೋತಿದೆ ಅಥವಾ ಎಲ್ಲೋ ಸೋರುತ್ತಿದೆ. ತೋರಿಸಬೇಕು.

ಆಮೇಲೆ ಬ್ರೇಕ್ ಒತ್ತಿ ಸ್ಟಾರ್ಟ್ ಮಾಡಿ. ಬ್ರೇಕ್ ಬಿಡದೆಯೇ ಒಮ್ಮೆ ‘ಡಿ’, ಒಮ್ಮೆ ‘ಆರ್’, ಮತ್ತೆ ‘ಎನ್’. ಪರದೆಯಲ್ಲಿ ಅಕ್ಷರ ಸರಿಯಾಗಿ ಬಂದರೆ ಕಾರು ಎಚ್ಚರವಾಗಿದೆ. ಬ್ಯಾಟರಿ ಬಿಚ್ಚಿದ್ದರಿಂದ ಕೆಲವು ಕಾರುಗಳು ಕ್ಲಚ್ ಎಲ್ಲಿ ಹಿಡಿಯುತ್ತೆ ಅನ್ನೋದನ್ನ ಹೊಸದಾಗಿ ಕಲಿಯಬೇಕಾಗುತ್ತೆ. ಅದರ ವಿಧಾನ ಪುಸ್ತಕದಲ್ಲಿರುತ್ತೆ, ಇಲ್ಲದಿದ್ದರೆ ಗ್ಯಾರೇಜಿನ ಸ್ಕ್ಯಾನರ್ ಬೇಕು.

ಹೊರಡುವಾಗಿನ ಮೊದಲ ಪರೀಕ್ಷೆಯೇ ನೆಲಮಾಳಿಗೆಯ ಏರು. ಅಲ್ಲಿ ಆಕ್ಸಿಲರೇಟರ್ ಮೇಲೆ ಕಾರನ್ನ ಹಿಡಿದು ನಿಲ್ಲಿಸಬೇಡಿ, ಒಣ ಕ್ಲಚ್ ಸುಟ್ಟ ವಾಸನೆ ಬರೋದು ಅದಕ್ಕೇ. ಬಾಗಿಲು ತೆರೆದ ಮೇಲೆಯೇ ಏರು ಹತ್ತಿ, ನಿಲ್ಲಬೇಕಾದರೆ ಹ್ಯಾಂಡ್‌ಬ್ರೇಕ್ ಬಳಸಿ. ಬ್ರೇಕಿನಿಂದ ಮೊದಲು ಕೆರೆಯುವ ಸದ್ದು ಬಂದರೆ ಅದು ಮೇಲಿನ ತುಕ್ಕು, ನಾಲ್ಕೈದು ಸಲ ಒತ್ತಿದರೆ ಹೋಗುತ್ತೆ. ಮೊದಲ ಐದಾರು ಕಿ.ಮೀ. ನಿಧಾನವಾಗಿರಲಿ, ಆಯಿಲ್ ಬೆಚ್ಚಗಾಗಲಿ. ಅರ್ಧ ಗಂಟೆ ಸುತ್ತಿಸಿ ತಂದು ನಿಲ್ಲಿಸಿದರೆ ಮರುದಿನ ಬೆಳಿಗ್ಗೆಗೆ ಕಾರು ಸಿದ್ಧ.

ಇಲ್ಲೇ ಇರುವವರಿಗೆ

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಎಎಂಟಿ ನಿಲ್ಲಿಸಿ ಅಮೆರಿಕದಲ್ಲಿರುವ ಮಗಳ ಮನೆಗೆ ಮೂರು ತಿಂಗಳು ಹೋಗುವ ಅಪ್ಪ ಅಮ್ಮಂದಿರಿಗೂ ಇದೇ ಲೆಕ್ಕ. ನಮ್ಮಲ್ಲಿ ಆಮ್ಲ ಹೆಪ್ಪುಗಟ್ಟಲ್ಲ, ಆದರೆ ಬ್ಯಾಟರಿ ಖಾಲಿಯಾಗೋದು ಅಷ್ಟೇ ಬೇಗ. ಸೆಖೆಯಲ್ಲಿ ಇನ್ನೂ ಬೇಗ. ಕರಾವಳಿ, ಮಲೆನಾಡಿನ ಮಳೆಗಾಲದ ತೇವ ಕ್ಲಚ್ಚಿಗೆ ಮಾಡುವ ಕೆಲಸ ಯುರೋಪಿನ ಚಳಿಗಾಲದ್ದೇ. ಅಲ್ಲಿ ವೈರ್ ಕಚ್ಚೋಕೆ ಮಾರ್ಟೆನ್ ಅನ್ನುವ ಮುಂಗುಸಿಯಂಥ ಪ್ರಾಣಿ ಬಾನೆಟ್‌ನೊಳಗೆ ಸೇರಿಕೊಳ್ಳುತ್ತೆ, ಇಲ್ಲಿ ಆ ಕೆಲಸ ಇಲಿ ಹೆಗ್ಗಣಗಳದ್ದು. ಅಪ್ಪ ಅಮ್ಮ ಹೊರಡುವ ಹಿಂದಿನ ದಿನ ನೀವೇ ಹೋಗಿ ನ್ಯೂಟ್ರಲ್‌ಗೆ ಹಾಕಿ, ಚಕ್ರಕ್ಕೆ ಅಡ್ಡ ಕೊಟ್ಟು, ನೆಗೆಟಿವ್ ವೈರ್ ಬಿಚ್ಚಿಡಿ. ಹದಿನೈದು ನಿಮಿಷದ ಕೆಲಸ.

ಮ್ಯೂನಿಕ್‌ನ ಓದುಗರಿಗೆ ಕೊನೇ ಮಾತು. ಆಯಿಲ್ ಬದಲಿಸೋಕೆ ಎತ್ತಿಟ್ಟ ದುಡ್ಡು ಮಾರ್ಚ್‌ವರೆಗೆ ಹಾಗೇ ಇರಲಿ. ಅದರಲ್ಲಿ ಸ್ವಲ್ಪ ತೆಗೆದು ಈ ವಾರ ಒಂದು ಒಳ್ಳೆಯ ಚಾರ್ಜರ್, ಎರಡು ಚಕ್ರದ ಅಡ್ಡ, ಒಂದು 10 ನಂಬರ್ ಸ್ಪ್ಯಾನರ್ ತಂದಿಡಿ. ಆ ಮೂರರ ಬಲದ ಮೇಲೆ ನಿಶ್ಚಿಂತೆಯಿಂದ ಸಾಗರಕ್ಕೆ ಹೋಗಿ ಬನ್ನಿ.

ಮುಂದಿನ ವಾರಕ್ಕೆ ಪ್ರಶ್ನೆ ಕಳಿಸುವವರು ಕಾರಿನ ಮಾದರಿ, ವರ್ಷ, ಓಡಿದ ಕಿ.ಮೀ. ಮತ್ತು ಗೇರ್‌ಬಾಕ್ಸ್ ಯಾವ ಬಗೆ ಅನ್ನೋದನ್ನ ತಪ್ಪದೇ ಬರೆಯಿರಿ. ಬರೀ "ಆಟೊಮ್ಯಾಟಿಕ್" ಅಂದರೆ ಉತ್ತರವೂ ಅರ್ಧಂಬರ್ಧವೇ ಆಗುತ್ತೆ.